ರಿಪೇರಿಗೆ ಜನ ಇಲ್ಲ ಎನ್ನುವವರು ಜನರನ್ನು ನೇಮಿಸಿದ್ದು ಯಾವಾಗ?

“ಲಿನಕ್ಸ್ ಎಲ್ಲ ನಮ್ಮ ಬದಿಗೆ ಆಗುವುದಲ್ಲ, ಕೆಟ್ಟರೆ ರಿಪೇರಿ ಮಾಡುವವರು ಯಾರೂ ಇಲ್ಲ.” ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕಂಪ್ಯೂಟರ್ ಖರೀದಿಯ ಮಾತು ಬಂದಲ್ಲೆಲ್ಲ ಈ ವಾಕ್ಯ ಬರುತ್ತದೆ, ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಇದೇ ಮಾತು, ಸಹಕಾರಿ ಸೊಸೈಟಿಯ ಆಡಳಿತ ಮಂಡಳಿಯಲ್ಲಿ ಇದೇ ಮಾತು, ಕಂಪ್ಯೂಟರ್ ಅಂಗಡಿಯಲ್ಲೂ ಇದೇ ಮಾತು. ಕೇಳಿ ಕೇಳಿ ಸಾಕಾಗಿದೆ. ಇದನ್ನು ತಾಂತ್ರಿಕ ಅಭಿಪ್ರಾಯ ಎಂದು ಒಪ್ಪಲು ನಾನು ತಯಾರಿಲ್ಲ. ಇದು ನೆಪ. ಈ ನೆಪಕ್ಕೆ ಬೆಲೆ ತೆರುತ್ತಿರುವವರು ಸರ್ಕಾರಿ ಶಾಲೆಯ ಮಕ್ಕಳು ಮತ್ತು ಸೊಸೈಟಿಯ ಸದಸ್ಯರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ಅಂದರೆ 2017ಕ್ಕಿಂತ ಹಿಂದಿನ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಲೆಕ್ಕಕ್ಕಿಲ್ಲ. ಹೀಗೆ ಜಗತ್ತಿನಾದ್ಯಂತ 24 ಕೋಟಿ ಕಂಪ್ಯೂಟರ್‌ಗಳು ಗುಜರಿ ಸೇರಬಹುದು ಎಂದು ಕೆನಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಆ ಗುಜರಿಯ ಒಂದು ಪಾಲು ನಮ್ಮ ಹೈಸ್ಕೂಲುಗಳ ಕಂಪ್ಯೂಟರ್ ಕೋಣೆಗಳಲ್ಲಿದೆ. ನಾಲ್ಕು ಜಿಬಿ ರ‍್ಯಾಮ್ ಇರುವ, ಒಂದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ಐದಾರು ವರ್ಷ ದುಡಿಯುವ ಯಂತ್ರಗಳು ಅವು. ಅವಕ್ಕೆ ಹೊಂದುವ, ದುಡ್ಡು ಕೊಡಬೇಕಿಲ್ಲದ, ಭದ್ರತಾ ಅಪ್‌ಡೇಟ್ ಬರುವ ವ್ಯವಸ್ಥೆ ಇದೆ, ಅದೇ ಲಿನಕ್ಸ್. ಆದರೂ ಊರು ಕೊಡುವ ಉತ್ತರ ಎರಡೇ. ಗುಜರಿಗೆ ಹಾಕಿ, ಇಲ್ಲವೇ ಅಂಗಡಿಯವರಿಂದ ಕದ್ದ ವಿಂಡೋಸ್ ಹಾಕಿಸಿ.

ಕದ್ದ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. “ರಿಪೇರಿಗೆ ಜನ ಸಿಗುತ್ತಾರೆ” ಎಂದು ಇವರು ಹೊಗಳುವ ವಿಂಡೋಸ್ ಎಷ್ಟೋ ಕಡೆ ಪೆನ್‌ಡ್ರೈವ್‌ನಲ್ಲಿ ಬಂದ ಪ್ರತಿ. ಜತೆಗೊಂದು ಆ್ಯಕ್ಟಿವೇಟರ್. ಅದನ್ನು ಓಡಿಸಲು ಮೊದಲು ಆ್ಯಂಟಿವೈರಸ್ ಆಫ್ ಮಾಡಬೇಕು. ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳುವ ಕಟ್ಟಡದಲ್ಲಿ, ಸದಸ್ಯರ ಸಾಲದ ಲೆಕ್ಕ ಇಡುವ ಕಟ್ಟಡದಲ್ಲಿ ಇದು ನಡೆಯುತ್ತಿದೆ. ಆಮೇಲೆ ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗುತ್ತವೆ, ಅಂಗಡಿಯವರು ಮತ್ತೆ ಬರುತ್ತಾರೆ, ಮತ್ತೆ ಫಾರ್ಮ್ಯಾಟ್, ಮತ್ತೆ ಬಿಲ್ಲು. ಇದಕ್ಕೆ ರಿಪೇರಿ ಎಂದು ಹೆಸರು.

ಈಗ ಕೇರಳದ ಕಾಸರಗೋಡಿನ ಕಡೆ ನೋಡಿ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುತ್ತಿರುವುದು ಗ್ನು/ಲಿನಕ್ಸ್ ಮೇಲೆ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿತು, ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿಸಿತು. ಇಂದು ಅದನ್ನು ನಡೆಸುವ ಸರ್ಕಾರಿ ಸಂಸ್ಥೆ ಕೈಟ್. ಅದು ತನ್ನದೇ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿ ಶಾಲೆಗಳಿಗೆ ಹಂಚುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಲ್ಲಿ ಈ ವ್ಯವಸ್ಥೆ ಹಾಕಿ 3,000 ಕೋಟಿ ರೂಪಾಯಿ ಉಳಿಸಿದ್ದೇವೆ ಎಂದು 2019ರಲ್ಲಿ ಕೈಟ್ ಹೇಳಿತು. ಐಸಿಟಿ ಪಠ್ಯಪುಸ್ತಕ ಅಲ್ಲಿನ ಮಕ್ಕಳಿಗೆ ಕನ್ನಡದಲ್ಲೇ ಸಿಗುತ್ತದೆ. ಕಾಸರಗೋಡಿನಲ್ಲೂ ಅಡಿಕೆ ಬೆಳೆಯುತ್ತಾರೆ. ಅಲ್ಲೂ ಜೂನ್‌ನಿಂದ ಮಳೆ ಬಿಡುವುದಿಲ್ಲ. ಅಲ್ಲೂ ಸಿಡಿಲು ಹೊಡೆದು ಮೋಡೆಮ್ ಸುಡುತ್ತದೆ. ಅದೇ ಬೆಳೆ, ಅದೇ ಮಳೆ, ಅದೇ ಕನ್ನಡ. ಅಲ್ಲಿ ನಡೆಯುವುದು ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲಿ ಏಕೆ ನಡೆಯಬಾರದು? ಈ ಪ್ರಶ್ನೆಗೆ ಇವತ್ತಿನವರೆಗೆ ನನಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ.

ಉತ್ತರ ನನಗೆ ಗೊತ್ತಿದೆ. ಕೇರಳ ಲಿನಕ್ಸ್ ಹಾಕಿ ಕೈತೊಳೆದುಕೊಳ್ಳಲಿಲ್ಲ, ಅದನ್ನು ನೋಡಿಕೊಳ್ಳಲು ಜನರನ್ನು ಇಟ್ಟಿತು. ಪ್ರತಿ ಹೈಸ್ಕೂಲಿನಲ್ಲಿ ಐಟಿ ಸಂಯೋಜಕರ ಹೊಣೆ ಹೊತ್ತ ಶಿಕ್ಷಕರಿದ್ದಾರೆ, ಅವರ ಮೇಲೆ ಜಿಲ್ಲೆಯ ಮಾಸ್ಟರ್ ಟ್ರೇನರ್‌ಗಳಿದ್ದಾರೆ. 2018ರಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಕ್ಲಬ್ ಶುರುವಾಯಿತು. ಅಲ್ಲಿ ಮಕ್ಕಳೇ ಹಾರ್ಡ್‌ವೇರ್ ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಾರೆ. ನಮ್ಮಲ್ಲಿ ಏನಾಯಿತು? ಐಸಿಟಿ ಲ್ಯಾಬ್‌ಗಳನ್ನು ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಇರುವವರೆಗೆ ಲ್ಯಾಬ್‌ಗೊಬ್ಬರು ಬೋಧಕರಿದ್ದರು, ಅವಧಿ ಮುಗಿಯಿತು, ಅವರೂ ಹೋದರು, ಬೀಗ ಬಿತ್ತು. 2010ರ ದಶಕದ ಆರಂಭದಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಹೈಸ್ಕೂಲ್ ಶಿಕ್ಷಕರು ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಮೇಲೆಯೇ ತರಬೇತಿ ಪಡೆದರು, ಜಿಯೋಜೀಬ್ರಾದಲ್ಲಿ ಗಣಿತ ಕಲಿಸಿದರು. ಕರ್ನಾಟಕದ ಶಿಕ್ಷಕರಿಗೆ ಲಿನಕ್ಸ್ ಬರುವುದಿಲ್ಲ ಎನ್ನುವುದು ಅವರ ಆ ದುಡಿಮೆಗೆ ಮಾಡುವ ಅವಮಾನ. ಅವರು ಕಲಿತರು. ಕಲಿತವರು ಶಾಲೆಗೆ ಮರಳಿದಾಗ ಕೆಟ್ಟ ಯುಪಿಎಸ್ ಬ್ಯಾಟರಿ ಬದಲಿಸಲು ಕೂಡ ಹಿಂದೆ ಯಾರೂ ಇರಲಿಲ್ಲ.

ಸಿದ್ದಾಪುರ ತಾಲೂಕಿನ ಒಂದು ಶಾಲೆಯಲ್ಲಿ ಜೂನ್ ತಿಂಗಳಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೇಸಿಗೆ ರಜೆ ಮುಗಿಸಿ ಲ್ಯಾಬ್ ತೆರೆದಿದ್ದರು. ಕೀಬೋರ್ಡ್ ಮೇಲೆ ಬೂಷ್ಟು, ಮೌಸ್ ವೈರು ಇಲಿ ಕಡಿದಿತ್ತು. ಒಂದು ಯಂತ್ರ ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಇಂಗ್ಲಿಷ್ ಅಕ್ಷರ, ಮುಂದಕ್ಕೆ ಹೋಗುವುದಿಲ್ಲ. ರಿಪೇರಿಗೆ ಕರೆಸಿದ ಹುಡುಗ ದೂರದಿಂದಲೇ ನೋಡಿ, “ಲಿನಕ್ಸ್ ಕೆಟ್ಟಿದೆ ಅಕ್ಕೋರೇ, ವಿಂಡೋಸ್ ಹಾಕಿಕೊಡ್ತೇನೆ” ಎಂದ. ಪರದೆಯ ಮೇಲಿದ್ದದ್ದು ಸಿಮಾಸ್ ಚೆಕ್‌ಸಮ್ ದೋಷ, ಮುಂದುವರಿಯಲು ಎಫ್1 ಒತ್ತಿ ಎಂಬ ಸಂದೇಶ. ಲಿನಕ್ಸ್ ಆಗಲಿ ವಿಂಡೋಸ್ ಆಗಲಿ ಏಳುವ ಮೊದಲೇ ಮದರ್‌ಬೋರ್ಡ್ ಹೇಳುವ ಮಾತು ಅದು. ಒಳಗಿನ ನಾಣ್ಯದಷ್ಟು ಅಗಲದ ಬ್ಯಾಟರಿ, ಸಿಆರ್ 2032, ರಜೆಯಲ್ಲಿ ಸತ್ತಿತ್ತು. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಬ್ಯಾಟರಿ ಅದು. ತಂದು ಹಾಕಿ ತಾರೀಕು ಸರಿ ಮಾಡಿದ ಮೇಲೆ ಕನ್ನಡದ ಮೆನುಗಳೊಡನೆ ಯಂತ್ರ ಎದ್ದು ಕೂತಿತು. ಶಾಲೆಯ ಆ ಅಕ್ಕೋರು ಅಲ್ಲಿ ನಿಂತು ತಡೆಯದೇ ಹೋಗಿದ್ದರೆ ಡಿಸ್ಕ್ ಫಾರ್ಮ್ಯಾಟ್ ಆಗುತ್ತಿತ್ತು, ಬ್ಯಾಟರಿ ಸತ್ತೇ ಇರುತ್ತಿತ್ತು, ಲಿನಕ್ಸ್ ಆಗುವುದಲ್ಲ ಎಂಬ ಮಾತಿಗೆ ಇನ್ನೊಂದು ಸಾಕ್ಷಿ ಸಿಗುತ್ತಿತ್ತು.

ಪ್ರಿಂಟರ್ ವಿಷಯವನ್ನಂತೂ ಪ್ರತಿ ಸಲ ಮುಂದೆ ಮಾಡುತ್ತಾರೆ. ಸರಿ, ಮಾತಾಡೋಣ. ಎಚ್‌ಪಿ ಲೇಸರ್‌ಜೆಟ್ 1020 ತರಹದ ಹಳೆಯ ಪ್ರಿಂಟರ್‌ಗಳು ತಮ್ಮ ಫರ್ಮ್‌ವೇರನ್ನು ಒಳಗೆ ಉಳಿಸಿಕೊಳ್ಳುವುದಿಲ್ಲ. ಕರೆಂಟು ಹೋದರೆ ಅದೂ ಹೋಯಿತು, ಬಂದ ಮೇಲೆ ಕಂಪ್ಯೂಟರ್ ಮತ್ತೆ ಕಳಿಸಬೇಕು. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಎಚ್‌ಪಿಲಿಪ್ ಎಂಬ ತಂತ್ರಾಂಶ ಮತ್ತು ಅದರದೊಂದು ಪ್ಲಗಿನ್ ಬೇಕು. ಎರಡರ ಆವೃತ್ತಿ ಒಂದೇ ಆಗಿರಬೇಕು. ಅಪ್‌ಡೇಟ್ ಆಗಿ ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಪ್ರಿಂಟರ್ ಸುಮ್ಮನೆ ಕೂರುತ್ತದೆ. ಟರ್ಮಿನಲ್ ತೆರೆದು ಎಚ್‌ಪಿ-ಪ್ಲಗಿನ್ ಎಂಬ ಒಂದೇ ಆಜ್ಞೆ ಕೊಟ್ಟರೆ, ಇಂಟರ್‌ನೆಟ್ ಇದ್ದರೆ, ಸರಿಹೋಗುತ್ತದೆ. ಕ್ಯಾನನ್ ಎಲ್‌ಬಿಪಿ 2900ರ ಗೋಳು ಇದಕ್ಕಿಂತ ದೊಡ್ಡದು, ಅದರ ಡ್ರೈವರ್ ಹೊಸ ಆವೃತ್ತಿಗಳಲ್ಲಿ ಕೂರಿಸುವುದೇ ಕಷ್ಟ. ಆದರೆ ಆ ಪ್ರಿಂಟರ್ ಆರಿಸಿದ್ದು ಯಾರು? ಲಿನಕ್ಸ್‌ನಲ್ಲಿ ಓಡುತ್ತದೆಯೇ ಎಂದು ಕೊಳ್ಳುವ ಮೊದಲು ಕೇಳಿದ್ದು ಯಾರು? ಈಚಿನ ಎಷ್ಟೋ ನೆಟ್‌ವರ್ಕ್ ಪ್ರಿಂಟರ್‌ಗಳಿಗೆ ಲಿನಕ್ಸ್‌ನಲ್ಲಿ ಬೇರೆ ಡ್ರೈವರೇ ಬೇಡ. ಸೊಸೈಟಿಗಳಲ್ಲಿ ಪಾವತಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್‌ಗಳಲ್ಲಿ ಹೆಚ್ಚಿನವು ಲಿನಕ್ಸ್‌ಗೆ ಎಷ್ಟೋ ವರ್ಷದ ಪರಿಚಯ. ಖರೀದಿ ಆದೇಶದಲ್ಲಿ ಒಂದು ಸಾಲು ಬರೆದರೆ ಸಾಕಿತ್ತು: ಲಿನಕ್ಸ್‌ನಲ್ಲಿ ಪ್ರಿಂಟ್ ತೆಗೆದು ತೋರಿಸಿದ ಮೇಲೆ ಹಣ. ಆ ಸಾಲು ಬರೆಯದವರು ಈಗ ವ್ಯವಸ್ಥೆಯನ್ನು ಬೈಯುತ್ತಿದ್ದಾರೆ. ಬೆರಳ ಗುರುತು ಓದುವ ಯಂತ್ರದ ಕತೆಯೂ ಇದೇ.

ಕನ್ನಡದ ನೆಪವೂ ಉಂಟು. ಕನ್ನಡ ಟೈಪ್ ಮಾಡುವ ನುಡಿ ವಿಂಡೋಸ್‌ಗಾಗಿಯೇ ಬೆಳೆದ ತಂತ್ರಾಂಶ, ನಿಜ. ಆದರೆ ಅದರದೇ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಹುಟ್ಟಿನಿಂದಲೇ ಕೂತಿರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಆಯಿತು. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯಲ್ಲೇ ಸಿಗುತ್ತವೆ. ಹಳೆಯ ನುಡಿ ಕಡತಗಳನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳಿವೆ. ಕನ್ನಡಿಗರೇ ತಮ್ಮ ರಾತ್ರಿ ನಿದ್ದೆ ಬಿಟ್ಟು ಪುಕ್ಕಟೆ ಮಾಡಿಕೊಟ್ಟ ಕೆಲಸ ಇದು. ಅದನ್ನು ಒಮ್ಮೆ ತೆರೆದೂ ನೋಡದೆ ಕನ್ನಡಕ್ಕೆ ತೊಂದರೆಯಾಗುತ್ತದೆ ಎನ್ನುವವರ ಕನ್ನಡ ಪ್ರೀತಿಯನ್ನು ನಾನು ನಂಬುವುದಿಲ್ಲ.

ಇನ್ನು ಜನ ಇಲ್ಲ ಎಂಬ ಮಾತು. ಸಿದ್ದಾಪುರದ ಹಳ್ಳಿಯಿಂದ, ಯಲ್ಲಾಪುರದ ಘಟ್ಟದ ಮೂಲೆಯಿಂದ ಹೋದ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಕೂತು ದೇಶವಿದೇಶದ ಲಿನಕ್ಸ್ ಸರ್ವರ್‌ಗಳನ್ನು ರಾತ್ರಿ ಪಾಳಿಯಲ್ಲಿ ಕಾಯುತ್ತಿದ್ದಾರೆ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳಲ್ಲಿ ಐನೂರೂ ಲಿನಕ್ಸ್ ಮೇಲೆ ನಡೆಯುತ್ತಿವೆ. ನಮ್ಮ ರಕ್ಷಣಾ ಸಚಿವಾಲಯ 2023ರಲ್ಲಿ ಉಬುಂಟು ಆಧಾರಿತ ‘ಮಾಯಾ’ ಎಂಬ ಆಪರೇಟಿಂಗ್ ಸಿಸ್ಟಂ ತಂದಿತು. ನಮ್ಮೂರಿನವರ ಕಿಸೆಯಲ್ಲಿರುವ ಆ್ಯಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಕೊರತೆ ಇರುವುದು ಜ್ಞಾನಕ್ಕಲ್ಲ, ತಾಲೂಕಿನಲ್ಲಿ ಆ ಜ್ಞಾನಕ್ಕೆ ಸಂಬಳ ಕೊಡುವ ಮನಸ್ಸಿಗೆ. ಅಡಿಕೆ ಸುಲಿಯುವ ಯಂತ್ರ ಬಂದಾಗ ರಿಪೇರಿಯವರು ಊರಲ್ಲಿ ಇರಲಿಲ್ಲ. ಹಾಗೆಂದು ಯಾರೂ ಯಂತ್ರ ಬೇಡ ಎನ್ನಲಿಲ್ಲ. ಯಂತ್ರಗಳು ಹೆಚ್ಚಿದವು, ಬೆಲ್ಟು ಬೇರಿಂಗು ಬದಲಿಸುವವರು ಹುಟ್ಟಿಕೊಂಡರು, ಅವರ ಹೊಟ್ಟೆಯೂ ತುಂಬಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಣೆಬರಹವೇ ಹೀಗಾಗಿದೆ, ಎಲ್ಲದಕ್ಕೂ ಹೊರಗೆ ಓಡಬೇಕು. ದೊಡ್ಡ ಕಾಯಿಲೆ ಬಂದರೆ ಮಣಿಪಾಲ ಇಲ್ಲವೇ ಹುಬ್ಬಳ್ಳಿ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಜಿಲ್ಲೆ ದನಿ ಎತ್ತಿತು. ಅದೇ ವರ್ಷ ಶಿರೂರು ಟೋಲ್‌ನಲ್ಲಿ ಆಂಬುಲೆನ್ಸ್ ಮಗುಚಿ ಹೊನ್ನಾವರದ ಜನ ಸತ್ತ ಮೇಲೂ ನಾವು ಘಟ್ಟ ಇಳಿದು ಹತ್ತಿ ಬದುಕುತ್ತಿದ್ದೇವೆ. ಪ್ರಿಂಟರ್‌ನ ಬೋರ್ಡ್ ಹೋದರೂ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಕಳಿಸಬೇಕು. ಓದಿದ ಮಕ್ಕಳು ಹೊರಗೆ, ಚಿಕಿತ್ಸೆ ಹೊರಗೆ, ರಿಪೇರಿ ಹೊರಗೆ. ನಮ್ಮದೇ ಕೈಯಲ್ಲಿ ಇಟ್ಟುಕೊಳ್ಳಬಹುದಾದ ಒಂದು ಚಿಕ್ಕ ಕೆಲಸವನ್ನೂ ಹೊರಗಿನವರಿಗೆ ಒಪ್ಪಿಸಿ ಕೂರುವುದಕ್ಕೆ ನನಗೆ ಸಿಟ್ಟು ಬರುತ್ತದೆ.

ಯಾಕೆಂದರೆ ಇದು ಸಹಕಾರದ ನೆಲ. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ಕೆಡಿಸಿಸಿ 1920ರಲ್ಲಿ ಹುಟ್ಟಿತು, ಅದರ ಕೇಂದ್ರ ಕಚೇರಿ ಇರುವುದು ಶಿರಸಿಯಲ್ಲೇ. ಅಡಿಕೆಗೆ ನ್ಯಾಯವಾದ ಬೆಲೆ ಸಿಗಲೆಂದು 1923ರಲ್ಲಿ ಟಿಎಸ್‌ಎಸ್ ಎಂಬ ಸಹಕಾರಿ ಮಾರಾಟ ಸಂಘ ಕಟ್ಟಿದವರ ಮೊಮ್ಮಕ್ಕಳು ನಾವು. ಸಿದ್ದಾಪುರ, ಯಲ್ಲಾಪುರಗಳಲ್ಲಿ ಟಿಎಂಎಸ್ ಎಂಬ ತಾಲೂಕು ಮಾರಾಟ ಸಂಘಗಳಿವೆ, ಊರೂರಲ್ಲಿ ಸೇವಾ ಸಹಕಾರಿ ಸಂಘಗಳಿವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, 63,000 ಸಂಘಗಳಿಗೆಂದು. ಯಂತ್ರ ಕೊಳ್ಳಲು ಹಣ ಬರುತ್ತದೆ. ಐದು ವರ್ಷದ ನಂತರ ಆ ಯಂತ್ರ ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಸಭೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ತಾಲೂಕಿಗೆ ಒಬ್ಬರಂತೆ ಮೂವರು. ಸಂಘಗಳೆಲ್ಲ ಸೇರಿ ಸಂಬಳ ಹಂಚಿಕೊಳ್ಳಲಿ, ಇಲ್ಲೇ ಐಟಿಐ, ಡಿಪ್ಲೊಮಾ ಮುಗಿಸಿದವರಿಗೇ ಕೆಲಸ ಕೊಡಲಿ. ಅವರ ಚೀಲದಲ್ಲಿ ಸಿಆರ್ 2032 ಬ್ಯಾಟರಿಗಳು, ಒಂದೆರಡು ಎಸ್‌ಎಸ್‌ಡಿ, ಡೆಬಿಯನ್ ಇರುವ ಪೆನ್‌ಡ್ರೈವ್ ಇರಲಿ. ಡೆಬಿಯನ್ 13 ಬಂದ ಮೇಲೆ 32 ಬಿಟ್ ಯಂತ್ರಗಳಿಗೆ ಹೊಸದಾಗಿ ಹಾಕಿಕೊಳ್ಳುವ ದಾರಿ ಮುಚ್ಚಿದೆ, ಆದ್ದರಿಂದ ಯಾವ ಯಂತ್ರ ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಅವರೇ ಶಾಲೆ ಶಾಲೆ ತಿರುಗಿ ಪಟ್ಟಿ ಮಾಡಲಿ. ಸೊಸೈಟಿಯ ಕೆಲಸ ಮುಗಿಸಿ ಬರುವಾಗ ಪಕ್ಕದ ಹೈಸ್ಕೂಲಿನ ಲ್ಯಾಬ್ ಬೀಗವನ್ನೂ ತೆಗೆಸಲಿ, ಒಂಬತ್ತನೇ ತರಗತಿಯ ನಾಲ್ಕು ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಕೊಡಲಿ. ಸೆಪ್ಟೆಂಬರ್ ಒಳಗೆ ಎಲ್ಲ ಸಂಘಗಳ ಸರ್ವಸಾಧಾರಣ ಸಭೆ ನಡೆಯಬೇಕು. ಕಂಪ್ಯೂಟರ್ ನಿರ್ವಹಣೆಗೆ ಹೊರಗಿನವರಿಗೆ ವರ್ಷಕ್ಕೆ ಎಷ್ಟು ಕೊಟ್ಟಿದ್ದೀರಿ, ಆ ಹಣದಲ್ಲಿ ನಮ್ಮದೇ ಒಬ್ಬರನ್ನು ಏಕೆ ಇಟ್ಟುಕೊಂಡಿಲ್ಲ ಎಂದು ಸದಸ್ಯರು ಎದ್ದು ನಿಂತು ಕೇಳಲಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ.