ಯುದ್ಧದ ಕಿರ್ದಿ

ಸೋಲುತ್ತೇವೆಂದು ಹೇಳಿ ಯುದ್ಧಕ್ಕೆ ಹೊರಟ ಸರಕಾರವನ್ನು ಜಗತ್ತು ಕಂಡಿಲ್ಲ. ಯುದ್ಧದ ನಡುವೆ ಸೋಲುತ್ತಿದ್ದೇವೆಂದು ಒಪ್ಪಿಕೊಂಡ ಸರಕಾರಗಳೂ ಬಹಳ ಕಡಮೆ. ರಣರಂಗದಿಂದ ದಿನ ಬೆಳಗಾದರೆ ಅಂಕಿಗಳು ಬರುತ್ತವೆ. ಇಷ್ಟು ಶತ್ರುಗಳು ಸತ್ತರು, ಇಷ್ಟು ಬಾಂಬು ಬಿತ್ತು, ಇಷ್ಟು ಹಳ್ಳಿ ನಮ್ಮ ವಶವಾಯಿತು. ಅವನ್ನು ಓದಿದ ಜನ ಗೆಲುವು ಹತ್ತಿರ ಬಂತೆಂದು ನಂಬುತ್ತಾರೆ. ತೆರಿಗೆ ಕೊಡುತ್ತಾರೆ, ಮಕ್ಕಳನ್ನು ಕಳಿಸುತ್ತಾರೆ. ಆ ಅಂಕಿಗಳನ್ನು ಬರೆದವರು ಯಾರು, ಏನನ್ನು ಎಣಿಸಿದರು, ಏನನ್ನು ಬಿಟ್ಟರು ಎಂದು ಕೇಳುವವರು ವಿರಳ. ಯುದ್ಧದ ಖರ್ಚನ್ನು ಕೊನೆಗೆ ಹೊರುವವರು ದುಡಿಯುವ ಜನ. ಆದಕಾರಣ ಅದರ ಲೆಕ್ಕ ಕೇಳುವ ಹಕ್ಕೂ ದುಡಿಯುವ ಜನರದೇ ಎಂಬುದು ನಮ್ಮ ನಿಲುವು.

ಅಂಗಡಿಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಗಿರಾಕಿಗಳು ಮೆಟ್ಟಿಲು ಹತ್ತಿದರು ಎಂಬುದು ಒಂದು ಲೆಕ್ಕ. ದೀಪಾವಳಿಗೆ ಖಾತೆ ಮುಗಿಸಿದಾಗ ಕೈಯಲ್ಲಿ ಉಳಿದದ್ದೆಷ್ಟು ಎಂಬುದು ಇನ್ನೊಂದು. ಮಗ್ಗದ ಮುಂದೆ ನಿಂತ ಗಿರಣಿ ಕಾರ್ಮಿಕನಿಗೂ ಗೊತ್ತು: ನೇಯ್ದ ಗಜ ಎಷ್ಟು ಎಂಬುದು ಬೇರೆ, ಅದರಲ್ಲಿ ಮಾರಾಟಕ್ಕೆ ಸಲ್ಲುವ ಬಟ್ಟೆ ಎಷ್ಟು ಎಂಬುದು ಬೇರೆ. ಸೈನ್ಯದ ಪಂಡಿತರೂ ಈ ಎರಡು ಅಳತೆಗಳನ್ನು ಬೇರ್ಪಡಿಸುತ್ತಾರೆ. ತಮ್ಮ ಪಡೆ ಏನೇನು ಮಾಡಿತು ಎಂಬುದು ಕೆಲಸದ ಅಳತೆ. ಅದರಿಂದ ತಾವು ಬಯಸಿದ ಪರಿಣಾಮ ಆಯಿತೇ ಎಂಬುದು ಫಲದ ಅಳತೆ. ದಂಡಯಾತ್ರೆಯ ಯೋಜನೆ ಹಾಕುವಾಗಲೇ ಬಯಸಿದ ಪರಿಣಾಮವನ್ನು ಸ್ಪಷ್ಟವಾಗಿ ಬರೆದಿಡಬೇಕು, ಅದು ಆಗುತ್ತಿದೆಯೋ ಇಲ್ಲವೋ ಎಂದು ತೋರಿಸುವ ಗುರುತುಗಳನ್ನೂ ಗೊತ್ತುಮಾಡಬೇಕು ಎಂಬುದು ಅವರದೇ ಶಾಸ್ತ್ರ. ಶಾಸ್ತ್ರ ಸರಿಯಾಗಿಯೇ ಇದೆ. ಆಳರಸರು ಅದನ್ನು ಪಾಲಿಸಿದ್ದೆಷ್ಟು ಎಂಬುದು ಪ್ರಶ್ನೆ.

ಸರಿಯಾಗಿ ಅಳೆದ ಉದಾಹರಣೆಗಳು ಇಲ್ಲದಿಲ್ಲ. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬ್ರಿಟನ್ನಿನ ಸರಕು ಹಡಗುಗಳ ಮೇಲೆ ಶತ್ರು ವಿಮಾನಗಳು ಎರಗುತ್ತಿದ್ದವು. ಬಹಳ ಹಣ ಸುರಿದು ಆ ಹಡಗುಗಳಲ್ಲಿ ವಿಮಾನ ವಿರೋಧಿ ತೋಪುಗಳನ್ನು ಕೂರಿಸಿದರು. ದಾಳಿಗೆ ಬಂದ ನೂರು ವಿಮಾನಗಳಲ್ಲಿ ಉರುಳಿದ್ದು ಸುಮಾರು 4 ಮಾತ್ರ. ಈ ತೋಪುಗಳು ದಂಡ, ಕಿತ್ತು ಬೇರೆ ಕಡೆಗೆ ಕೊಡಿ ಎಂಬ ಮಾತು ಹುಟ್ಟಿತು. ಆಗ ಲೆಕ್ಕ ಬಲ್ಲ ವಿಜ್ಞಾನಿಗಳು ಒಂದು ಪ್ರಶ್ನೆ ಎತ್ತಿದರು: ತೋಪು ಇಟ್ಟದ್ದು ವಿಮಾನ ಉರುಳಿಸುವುದಕ್ಕೋ, ಹಡಗು ಉಳಿಸುವುದಕ್ಕೋ? ಹಡಗಿನ ಲೆಕ್ಕ ತೆಗೆದು ನೋಡಿದರೆ ಚಿತ್ರವೇ ಬದಲಾಯಿತು. ದಾಳಿಗೆ ಸಿಕ್ಕ ಹಡಗುಗಳಲ್ಲಿ ತೋಪಿನ ರಕ್ಷಣೆ ಇಲ್ಲದವು ನೂರಕ್ಕೆ 25 ಮುಳುಗಿದ್ದವು. ತೋಪಿನ ರಕ್ಷಣೆ ಇದ್ದವು ನೂರಕ್ಕೆ 10. ಗುಂಡಿಗೆ ಅಂಜಿದ ವಿಮಾನಗಳ ಗುರಿ ತಪ್ಪುತ್ತಿತ್ತು. ತೋಪುಗಳನ್ನು ಕೀಳಲಿಲ್ಲ, ಅವುಗಳಿಂದ ನಾವಿಕರ ಪ್ರಾಣ ಉಳಿಯಿತು. ಉದ್ದೇಶವೇನೆಂದು ಮೊದಲು ಕೇಳಿದ್ದರಿಂದ ಸರಿಯಾದ ಅಳತೆ ಸಿಕ್ಕಿತು.

ಇದಕ್ಕೆ ತೀರ ವಿರುದ್ಧವಾದದ್ದು ಅಮೆರಿಕವು ವಿಯೆಟ್ನಾಮಿನಲ್ಲಿ ನಡೆಸಿದ ಯುದ್ಧ. 1961ರಿಂದ 1968ರ ಆರಂಭದವರೆಗೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರ ಅವರು ಫೋರ್ಡ್ ಮೋಟಾರು ಕಂಪನಿಯ ಅಧ್ಯಕ್ಷ ಪೀಠದಿಂದ ಇಳಿದು ಬಂದವರು. ಅಂಕಿಗಳ ಮೇಲೆ ಅವರಿಗೆ ಅಪಾರ ಭರವಸೆ. ತಮ್ಮಲ್ಲಿರುವ ಎಲ್ಲ ಅಳತೆಗಳೂ ಗೆಲುವನ್ನೇ ತೋರಿಸುತ್ತಿವೆಯೆಂದು 1962ರಲ್ಲಿಯೇ ಅವರು ಸಾರಿದರು. ಆದರೆ ಗೆಲುವೆಂದರೆ ಏನು? ದಕ್ಷಿಣ ವಿಯೆಟ್ನಾಮಿನಲ್ಲಿ ಜನ ಒಪ್ಪುವ, ತನ್ನ ಕಾಲ ಮೇಲೆ ತಾನು ನಿಲ್ಲುವ ಸರಕಾರ ಇರಬೇಕೆಂಬುದು ಅಮೆರಿಕ ಹೇಳಿಕೊಂಡ ಉದ್ದೇಶ. ಗದ್ದೆಯಲ್ಲಿ ನಿಂತ ರೈತ ಆ ಸರಕಾರವನ್ನು ಮನಸಾರೆ ಒಪ್ಪಿದನೇ ಎಂದು ತೂಗುವ ತಕ್ಕಡಿ ವಾಷಿಂಗ್ಟನ್ನಿನಲ್ಲಿ ಇರಲಿಲ್ಲ. ಆದ್ದರಿಂದ ತೂಗಲು ಬರುವುದನ್ನೇ ತೂಗಿದರು.

ಮೊದಲು ತೂಗಿದ್ದು ಹೆಣಗಳನ್ನು. ಶತ್ರುವು ಹೊಸ ಸೈನಿಕರನ್ನು ತರುವುದಕ್ಕಿಂತ ಬೇಗ ಅವರನ್ನು ಕೊಲ್ಲುತ್ತ ಹೋದರೆ ಒಂದು ದಿನ ಶತ್ರುಪಡೆ ಕರಗಿ ಹೋಗುತ್ತದೆ. ಇದು ಸೇನಾಪತಿ ವೆಸ್ಟ್‌ಮೋರ್‌ಲ್ಯಾಂಡರ ಎಣಿಕೆ. ಹೀಗೆ ಹೆಣದ ಲೆಕ್ಕವೇ ಯುದ್ಧದ ಮುಖ್ಯ ಅಳತೆಯಾಯಿತು. ಹೆಚ್ಚು ಹೆಣ ತೋರಿಸಿದ ಅಧಿಕಾರಿಗೆ ಮೇಲಿನವರ ಮೆಚ್ಚಿಗೆ, ಬೇಗ ಬಡ್ತಿ. 1968ರ ಡಿಸೆಂಬರಿನಿಂದ 1969ರ ಮೇ ತಿಂಗಳವರೆಗೆ ಮೆಕಾಂಗ್ ನದಿಯ ಮುಖಜ ಭೂಮಿಯಲ್ಲಿ ಅಮೆರಿಕದ 9ನೆಯ ಪದಾತಿ ವಿಭಾಗವು 'ಸ್ಪೀಡಿ ಎಕ್ಸ್‌ಪ್ರೆಸ್' ಎಂಬ ಕಾರ್ಯಾಚರಣೆ ನಡೆಸಿತು. ಅದರ ವರದಿಯಲ್ಲಿ ಸತ್ತ ಶತ್ರುಗಳು 10,899. ಸಿಕ್ಕ ಆಯುಧಗಳು 748. ಸಣ್ಣ ಅಂಗಡಿಯ ಗುಮಾಸ್ತನಾದರೂ ಈ ಎರಡು ಸಾಲು ಕಂಡೊಡನೆ ಲೇಖನಿ ಕೆಳಗಿಟ್ಟು ಕೇಳುತ್ತಿದ್ದ: ಸತ್ತವರೆಲ್ಲ ಸೈನಿಕರಾದರೆ ಅವರ ಬಂದೂಕುಗಳೆಲ್ಲಿ? ಸಾವುನೋವಿಗೆ ಈಡಾದವರಲ್ಲಿ 5,000ದಿಂದ 7,000 ಮಂದಿ ಸಾಮಾನ್ಯ ನಾಗರಿಕರಿರಬಹುದೆಂದು ಅಮೆರಿಕ ಸೈನ್ಯದ ಒಳತನಿಖೆಯೇ ಮುಂದೆ ಅಂದಾಜು ಮಾಡಿತು. ಆ ವಿಭಾಗದ ದಂಡನಾಯಕರಿಗೆ ಅಷ್ಟರಲ್ಲಿ ಬಡ್ತಿ ಸಿಕ್ಕಿಯಾಗಿತ್ತು.

ಸೈನ್ಯದೊಳಗಿನವರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ವಿಯೆಟ್ನಾಮಿನಲ್ಲಿ ಸೇನೆ ನಡೆಸಿದ ಜನರಲ್‌ಗಳನ್ನು ಡಗ್ಲಾಸ್ ಕಿನ್ನಾರ್ಡ್ ಎಂಬ ನಿವೃತ್ತ ಬ್ರಿಗೇಡಿಯರ್ ಜನರಲ್ ಪ್ರಶ್ನಿಸಿ, ಉತ್ತರಗಳನ್ನು 1977ರಲ್ಲಿ ಪ್ರಕಟಿಸಿದರು. ಹೆಣದ ಎಣಿಕೆ ಸರಿಯಾದ ಅಳತೆಯೆಂದವರು ನೂರಕ್ಕೆ 2. ಅದನ್ನು ಎಷ್ಟೋ ಸಲ ಉಬ್ಬಿಸಲಾಗುತ್ತಿತ್ತೆಂದವರು ನೂರಕ್ಕೆ 61. ಈ ಸತ್ಯ ಬಾಯಿಗೆ ಬಂದಾಗ ಯುದ್ಧ ಮುಗಿದು ಎರಡು ವರ್ಷವಾಗಿತ್ತು.

ಬಾಂಬಿನ ಲೆಕ್ಕವೂ ಇದೇ ದಾರಿ ಹಿಡಿಯಿತು. 1965ರ ಮಾರ್ಚಿನಿಂದ 1968ರವರೆಗೆ ಉತ್ತರ ವಿಯೆಟ್ನಾಮಿನ ಮೇಲೆ 6 ಲಕ್ಷ ಟನ್ನಿಗೂ ಮೀರಿ ಬಾಂಬು ಸುರಿಯಿತು. ವಾಯುಪಡೆ ಮತ್ತು ನೌಕಾಪಡೆಗಳ ನಡುವೆ ಯಾರ ವಿಮಾನಗಳು ಹೆಚ್ಚು ಸಲ ಹಾರಿದವು ಎಂಬ ಪೈಪೋಟಿ. 1966ರಲ್ಲಿ ಬಾಂಬಿನ ಅಭಾವ ತಲೆದೋರಿದಾಗ, ಹಾರಾಟದ ಸಂಖ್ಯೆ ಇಳಿಯಬಾರದೆಂದು ವಿಮಾನಗಳನ್ನು ಅರ್ಧಂಬರ್ಧ ಬಾಂಬು ತುಂಬಿಸಿ ಕಳಿಸಿದರು. ಗಾಡಿಯಲ್ಲಿ ಸರಕಿಲ್ಲದಿದ್ದರೂ ಬಾಡಿಗೆ ಸುತ್ತು ಎಣಿಸಿದ ಹಾಗೆ! ಆದರೆ ಇಲ್ಲಿ ಒತ್ತೆಯಿಟ್ಟದ್ದು ವಿಮಾನ ಓಡಿಸುವವರ ಪ್ರಾಣ. ಶತ್ರುವಿಗೆ 1 ಡಾಲರ್ ನಷ್ಟ ಮಾಡಲು 1965ರಲ್ಲಿ 6.60 ಡಾಲರ್, 1966ರಲ್ಲಿ 9.60 ಡಾಲರ್ ಖರ್ಚಾಯಿತೆಂದು ಅಮೆರಿಕದ ಗುಪ್ತಚರ ಇಲಾಖೆಯೇ ಲೆಕ್ಕ ಹಾಕಿತು. ಇಂಥ ವ್ಯಾಪಾರ ಮಾಡಿದ ಅಂಗಡಿ ಆರು ತಿಂಗಳು ಬಾಳೀತೇ? ದಕ್ಷಿಣಕ್ಕೆ ಜನ, ಸಾಮಗ್ರಿ ಕಳಿಸುವ ಹನೋಯಿಯ ಶಕ್ತಿಯ ಮೇಲೆ ಬಾಂಬು ದಾಳಿಯಿಂದ ಅಳೆಯಬಹುದಾದ ಪರಿಣಾಮ ಏನೂ ಆಗಿಲ್ಲವೆಂದು 1966ರಲ್ಲಿ ವಿಜ್ಞಾನಿಗಳ ತಂಡವೊಂದು ರಕ್ಷಣಾ ಕಾರ್ಯದರ್ಶಿಗೆ ವರದಿ ಕೊಟ್ಟಿತು. ದಾಳಿ ಮತ್ತೂ ಎರಡು ವರ್ಷ ನಡೆಯಿತು.

ಕೊನೆಗೆ ಹಳ್ಳಿಗಳನ್ನೇ ತೂಗಲು ಹೊರಟರು. 1967ರ ಜನವರಿಯಿಂದ ಪ್ರತಿ ತಿಂಗಳೂ ದಕ್ಷಿಣ ವಿಯೆಟ್ನಾಮಿನ ಸಾವಿರಾರು ಹಳ್ಳಿಗಳಿಗೆ, 18 ಗುರುತುಗಳನ್ನು ನೋಡಿ, ಶಾಲೆಯ ಮಕ್ಕಳಿಗೆ ಕೊಡುವಂತೆ ದರ್ಜೆ ಕೊಟ್ಟು ಗಣಕಯಂತ್ರಕ್ಕೆ ಉಣಿಸಿದರು. ಆ ವರ್ಷದ ಕೊನೆಗೆ ಯಂತ್ರ ಹೇಳಿದ್ದು: ಮೂರು ಪಾಲು ಜನರಲ್ಲಿ ಎರಡು ಪಾಲು ಸುರಕ್ಷಿತ. ಅದೇ ವರ್ಷ ಶತ್ರುಪಡೆಯ ಗಾತ್ರದ ಮೇಲೆ ಗುಪ್ತಚರ ಇಲಾಖೆಗೂ ಸೈನ್ಯಕ್ಕೂ ಜಗಳ ನಡೆದಿತ್ತು. ಹಳ್ಳಿಯ ಕಾವಲುಪಡೆಗಳನ್ನು ಸೇರಿಸಿದರೆ ಸಂಖ್ಯೆ 3 ಲಕ್ಷ ಮೀರುತ್ತಿತ್ತು; ಪತ್ರಿಕೆಗಳಿಗೆ ತಪ್ಪು ಅಭಿಪ್ರಾಯ ಹೋದೀತೆಂದು ಅವುಗಳನ್ನು ಪಟ್ಟಿಯಿಂದಲೇ ಕೈಬಿಟ್ಟರು. 1968ರ ಜನವರಿ ಕೊನೆಯಲ್ಲಿ ಟೆಟ್ ಹಬ್ಬದ ದಿನ ನೂರಕ್ಕೂ ಹೆಚ್ಚು ಪಟ್ಟಣಗಳ ಮೇಲೆ ಒಮ್ಮೆಲೇ ದಾಳಿಯಾಯಿತು. ಸೈಗಾನಿನ ಅಮೆರಿಕ ರಾಯಭಾರ ಕಚೇರಿಯ ಆವರಣಕ್ಕೂ ದಾಳಿಕಾರರು ನುಗ್ಗಿದರು. ಹೆಣದ ಲೆಕ್ಕದಲ್ಲಿ ಇದು ಅಮೆರಿಕಕ್ಕೆ ದೊಡ್ಡ ಗೆಲುವು. ದಾಳಿ ಮಾಡಿದವರೇ ಬಹಳ ಹೆಚ್ಚು ಸತ್ತರು. ಆದರೂ ಅಧ್ಯಕ್ಷ ಜಾನ್ಸನ್ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಮಾರ್ಚ್ 31ರಂದು ಸಾರಬೇಕಾಯಿತು. ಯಾರ ಮನಸ್ಸಿನ ಮೇಲೆ ಯಾವ ಪರಿಣಾಮ ಆಗಬೇಕೆಂಬುದನ್ನು ಹನೋಯಿ ಮರೆತಿರಲಿಲ್ಲ.

ಈ ತಪ್ಪು ಲೆಕ್ಕದ ಬೆಲೆ ತೆತ್ತವರು ಯಾರು? 1966ರಲ್ಲಿ ಮೆಕ್‌ನಮಾರ ಅವರು ಸೈನ್ಯಕ್ಕೆ ಸೇರಿಸುವ ಪರೀಕ್ಷೆಯ ಮಟ್ಟ ಇಳಿಸಿ, ಮುಂಚೆ ತಿರಸ್ಕೃತರಾಗುತ್ತಿದ್ದ 3 ಲಕ್ಷಕ್ಕೂ ಹೆಚ್ಚು ಯುವಕರನ್ನು ಕೆಲವೇ ವರ್ಷಗಳಲ್ಲಿ ಸೇರಿಸಿಕೊಳ್ಳುವ ದಾರಿ ತೆರೆದರು. ಅವರಲ್ಲಿ ಹೆಚ್ಚಿನವರು ಬಡವರ, ಕೂಲಿಕಾರರ ಮಕ್ಕಳು. ಕರಿಯರ ಪಾಲು ದೊಡ್ಡದು. ಒಟ್ಟು 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ವಿಯೆಟ್ನಾಮ್ ಸರಕಾರ 1995ರಲ್ಲಿ ಕೊಟ್ಟ ಲೆಕ್ಕದಂತೆ ಅವರ ಕಡೆಯ ಹೋರಾಟಗಾರರು ಸುಮಾರು 11 ಲಕ್ಷ, ನಾಗರಿಕರು ಸುಮಾರು 20 ಲಕ್ಷ ಮಂದಿ ಮಡಿದರು. 1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದಿತು. ತಾವು ತಪ್ಪು ಮಾಡಿದೆವೆಂದು ಮೆಕ್‌ನಮಾರ ಪುಸ್ತಕ ಬರೆದದ್ದು 1995ರಲ್ಲಿ. ಸತ್ತವರು ಅದನ್ನು ಓದಲು ಎದ್ದು ಬರಲಿಲ್ಲ.

ಪಾಠ ಕಲಿತರೇ? ಅಫಘಾನಿಸ್ತಾನದಲ್ಲಿ 2001ರಿಂದ 2021ರವರೆಗೆ ಅದೇ ಅಮೆರಿಕ ಇನ್ನೊಂದು ಯುದ್ಧ ನಡೆಸಿತು. ತರಬೇತಿ ಪಡೆದ ಸೈನಿಕರೆಷ್ಟು, ಕಟ್ಟಿದ ಶಾಲೆಗಳೆಷ್ಟು, ಖರ್ಚಾದ ಡಾಲರ್ ಎಷ್ಟು ಎಂದು ವರ್ಷವರ್ಷವೂ ಎಣಿಸಿದರು. ಎಷ್ಟು ಜಿಲ್ಲೆಗಳು ಸರಕಾರದ ಹಿಡಿತದಲ್ಲಿವೆ ಎಂಬ ಲೆಕ್ಕ ಮಾತ್ರ ಕುಸಿಯುತ್ತ ಬಂತು. ಆ ಎಣಿಕೆಯನ್ನೇ ಸೈನ್ಯ ನಿಲ್ಲಿಸಿಬಿಟ್ಟಿತೆಂದು ಅಮೆರಿಕ ಸರಕಾರದ ತನಿಖಾಧಿಕಾರಿಯ ವರದಿ 2019ರಲ್ಲಿ ತಿಳಿಸಿತು. ಕಾಗದದ ಮೇಲೆ 3 ಲಕ್ಷ ಸಿಪಾಯಿ, ಪೋಲೀಸರಿದ್ದ ಸರಕಾರ 2021ರ ಆಗಸ್ಟ್ 15ರಂದು ಕಾಬೂಲನ್ನು ಒಂದು ದಿನವೂ ಕಾಯಲಾರದೆ ಹೋಯಿತು. ಜ್ವರ ಏರುತ್ತಿದೆಯೆಂದು ಜ್ವರಮಾಪಕವನ್ನು ಒಡೆದರೆ ರೋಗಿ ಬದುಕುವುದಿಲ್ಲ.

ಇದು ದೂರದ ದೇಶದ ಕಥೆ, ನಮಗೇಕೆ ಎನ್ನುವವರು 1987ನ್ನು ನೆನೆಯಬೇಕು. ಆ ವರ್ಷದ ಜುಲೈ ಒಪ್ಪಂದದಂತೆ ನಮ್ಮ ಸೈನ್ಯ ಶ್ರೀಲಂಕೆಗೆ ಹೋದದ್ದು ಆಯುಧಗಳನ್ನು ಕೆಳಗಿಡಿಸಿ ಶಾಂತಿ ಕಾಯುವುದಕ್ಕೆ. ಅಕ್ಟೋಬರಿನಲ್ಲಿ ಅದೇ ಸೈನ್ಯ ಎಲ್‌ಟಿಟಿಇ ಮೇಲೆ ಯುದ್ಧಕ್ಕಿಳಿದು ಜಾಫ್ನಾ ಪಟ್ಟಣ ಹಿಡಿಯಿತು. ಪಟ್ಟಣ ಹಿಡಿದದ್ದೇ ಅಳತೆಯಾದರೆ ಅದು ಗೆಲುವು. ಶಾಂತಿ ಅಳತೆಯಾದರೆ? ಸುಮಾರು 1,200 ಜವಾನರನ್ನು ಕಳೆದುಕೊಂಡು 1990ರ ಮಾರ್ಚಿನಲ್ಲಿ ನಮ್ಮವರು ಹಿಂದಿರುಗಿದರು. ಅಲ್ಲಿಯ ಯುದ್ಧ 2009ರವರೆಗೂ ಉರಿಯಿತು. ಜವಾನರ ಧೈರ್ಯದಲ್ಲಿ ಕೊರತೆಯಿರಲಿಲ್ಲ. ಅವರನ್ನು ಕಳಿಸಿದವರ ಉದ್ದೇಶದಲ್ಲಿ ಸ್ಪಷ್ಟತೆಯಿರಲಿಲ್ಲ.

ಯುದ್ಧದ ಗುಟ್ಟನ್ನು ಬೀದಿಯಲ್ಲಿ ಹೇಳಲಾಗದು ಎಂಬ ಉತ್ತರ ಬರುತ್ತದೆ. ಪಡೆಗಳು ಎಲ್ಲಿವೆ, ಯಾವ ದಿನ ಮುನ್ನುಗ್ಗುತ್ತವೆ ಎಂಬುದು ಗುಟ್ಟಾಗಿರಲಿ. ಅದನ್ನು ನಾವು ಕೇಳುವುದಿಲ್ಲ. ನಾವು ಕೇಳುವುದು ನಾಲ್ಕೇ ಮಾತು. ಈ ಯುದ್ಧದಿಂದ ಆಗಬೇಕಾದ ಪರಿಣಾಮವೇನು? ಅದು ಆಗುತ್ತಿದೆಯೆಂದು ಯಾವ ಗುರುತಿನಿಂದ ತಿಳಿಯಬೇಕು? ಆ ಗುರುತನ್ನು ನೋಡಿ ಲೆಕ್ಕ ಬರೆಯುವವನು, ಹೆಚ್ಚು ಬರೆದರೆ ಬಡ್ತಿ ಪಡೆಯುವವನೇ ಅಥವಾ ಬೇರೆಯವನೇ? ಗುರುತು ಕಾಣದೆ ಹೋದರೆ ಯಾವ ದಿನ ನಿಲ್ಲಿಸುತ್ತೀರಿ? ಇವುಗಳಲ್ಲಿ ಶತ್ರುವಿಗೆ ನೆರವಾಗುವ ಗುಟ್ಟು ಒಂದೂ ಇಲ್ಲ. ಉತ್ತರವಿಲ್ಲದ ಸರಕಾರಕ್ಕೆ ಮಾತ್ರ ಇವು ಅಪಾಯಕರ.

ಕಾರ್ಮಿಕ ಸಂಘದ ಸಭೆಯಲ್ಲಿಯೂ ವರ್ತಕರ ಸಂಘದ ಸಭೆಯಲ್ಲಿಯೂ ಈ ನಾಲ್ಕು ಪ್ರಶ್ನೆಗಳು ಏಳಬೇಕು. ಮತ ಕೇಳಲು ಬಂದವರು ಯುದ್ಧದ ವೀರಾವೇಶದ ಭಾಷಣ ಮಾಡಿದಾಗ, ಚಪ್ಪಾಳೆಗೆ ಮೊದಲು ಇವನ್ನು ಕೇಳಬೇಕು. ಗಡಿಯಲ್ಲಿ ನಿಂತ ಜವಾನ ನಮ್ಮ ನಿಮ್ಮ ಮನೆಯ ಹುಡುಗ. ಅವನ ಪ್ರಾಣವನ್ನು ಯಾವ ಖಾತೆಗೆ ಬರೆಯುತ್ತಿದ್ದಾರೆಂದು ಕೇಳುವುದು ನಮ್ಮ ಕರ್ತವ್ಯ. ಆ ಕರ್ತವ್ಯದಿಂದ ಈ ಪತ್ರಿಕೆ ಹಿಂಜರಿಯುವುದಿಲ್ಲ. ನಮ್ಮ ಓದುಗರೂ ಹಿಂಜರಿಯಬಾರದು.