ಒಂದು ತೊಟ್ಟಿಗೆ ಎಷ್ಟು ಮಾರ್ಕು?

ಚುಂಚನಕಟ್ಟೆಯ ಜಲಪಾತದ ನೀರಿನಲ್ಲಿ ಸೀತಮ್ಮ ಮಿಂದ ಅರಿಶಿನ, ಎಣ್ಣೆ, ಸೀಗೆಯ ಬಣ್ಣ ಇಂದಿಗೂ ಕಾಣುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಕಾವೇರಿಯ ಮೇಲಿನ ಎಣ್ಣೆಯ ಕತೆ ಕೇಳಿ ಬೆಳೆದ ಮಕ್ಕಳಿಗೆ, ಎಣ್ಣೆಯಿಂದ ಅಣುವನ್ನೂ ಅಳೆಯಬಹುದೆಂದು ತೋರಿಸಲು ನಮಗೇನು ದಾಡಿ?

ನಾನು ಬಿ.ಎ., ಬಿ.ಇಡಿ. ಓದಿದ ಕನ್ನಡದ ಮೇಡಂ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದ್ದ ದಿನ ಒಂಬತ್ತನೆಯ ತರಗತಿಗೆ ಹೋದೆ. 'ಅಣು ಬಹಳ ಚಿಕ್ಕದು' ಎಂದು ಹುಡುಗಿಯರು ಗಿಳಿಪಾಠ ಒಪ್ಪಿಸಿದರು. ಎಷ್ಟು ಚಿಕ್ಕದು ಎಂದರೆ ಎಲ್ಲರೂ ಮೌನ.

ಎಣ್ಣೆಯ ಜಾತಿಯದೇ ಆದ ಓಲಿಯಿಕ್ ಆಮ್ಲ 1 ಮಿಲಿಗೆ ಸ್ಪಿರಿಟ್ ಸೇರಿಸಿ 20 ಮಿಲಿ ಮಾಡಿದೆವು. ಅದರಲ್ಲಿ 1 ಮಿಲಿ ತೆಗೆದು ಮತ್ತೆ 20 ಮಾಡಿದೆವು. ಅಲ್ಲಿಗೆ 400ರಲ್ಲಿ ಒಂದು ಪಾಲು. ಫಿಲ್ಲರಿನಲ್ಲಿ ಎಣಿಸಿದರೆ 1 ಮಿಲಿಗೆ 50 ತೊಟ್ಟು. ಜಿಡ್ಡೂ ಸೋಪೂ ಉಳಿಯದಂತೆ ತೊಳೆದ ಹರಿವಾಣದಲ್ಲಿ ನೀರು, ಮೇಲೆ ತೆಳ್ಳಗೆ ಮುಖದ ಪೌಡರು. ಒಬ್ಬಳು ಒಂದೇ ತೊಟ್ಟು ಬಿಟ್ಟಳು. ಪೌಡರು ಸರಕ್ಕನೆ ಹಿಂದೆ ಸರಿದು ಗುಂಡಗೆ ಬಯಲಾಯಿತು. 'ಅಯ್ಯೋ ಮೇಡಂ!' ಎಂದು ಇಡೀ ತರಗತಿ ಮುಂದಕ್ಕೆ ಬಾಗಿತು. ಅಡ್ಡಳತೆ 18 ಸೆಂಟಿಮೀಟರ್. ಸ್ಪಿರಿಟ್ ಹೋಗಿ ಉಳಿದ ಪರೆ ಒಂದು ಅಣುವಿನಷ್ಟೇ ದಪ್ಪ ಎಂದಿಟ್ಟುಕೊಂಡು, ಆಮ್ಲದ ಗಾತ್ರವನ್ನು ವಿಸ್ತೀರ್ಣದಿಂದ ಭಾಗಿಸಿದರು. ಸೆಂಟಿಮೀಟರಿನ 50 ಲಕ್ಷದಲ್ಲಿ ಒಂದು ಭಾಗ! ಸೂಕ್ಷ್ಮದರ್ಶಕ ಬೇಕಾಗಲಿಲ್ಲ, ಸ್ಕೇಲು ಸಾಕಾಯಿತು.

ಸ್ಟಾಫ್ ರೂಮಿಗೆ ಬಂದರೆ ಸಹೋದ್ಯೋಗಿಯೊಬ್ಬರು, "ಇದು ಎಷ್ಟು ಮಾರ್ಕಿಗೆ ಬರುತ್ತೆ ಮೇಡಂ?" ಎಂದರು. ಅವರೊಬ್ಬರನ್ನೇ ಯಾಕೆ ಅನ್ನಲಿ? ಎನ್‌ಸಿಇಆರ್‌ಟಿಯ 11ನೇ ತರಗತಿಯ ಭೌತಶಾಸ್ತ್ರದಲ್ಲಿ ಈ ಪ್ರಯೋಗದ ವಿವರಣೆ ಇತ್ತು. ಹೊರೆ ತಗ್ಗಿಸುತ್ತೇವೆಂದು 2022ರ ಪರಿಷ್ಕರಣೆಯಲ್ಲಿ ಆ ಭಾಗವನ್ನೇ ಕತ್ತರಿಸಿದರು. ಬಾಯಿಪಾಠದ ಸೂತ್ರಗಳು ಉಳಿದವು, ಕಣ್ಣಿಗೆ ಕಾಣುವಂಥದ್ದು ಹೊರೆಯಾಯಿತು. ಯಾರಿಗೆ ಹೊರೆ? ನನ್ನ ಹುಡುಗಿಯರಿಗಂತೂ ಅಲ್ಲ.

'ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ' ಎನ್ನುವವರೂ ಇದ್ದಾರೆ. ಅವರಿಗೆ ಜರ್ಮನಿಯ ಆಗ್ನೆಸ್ ಪೋಕೆಲ್ಸ್ ಗೊತ್ತಿರಲಿಕ್ಕಿಲ್ಲ. ಕಾಲೇಜಿನ ಮೆಟ್ಟಿಲು ಹತ್ತಲಾಗದೆ, ಕಾಯಿಲೆಯ ತಂದೆತಾಯಿಯರ ಆರೈಕೆ ಮಾಡುತ್ತಾ, ಅಡುಗೆಮನೆಯಲ್ಲಿ ತಗಡಿನ ತೊಟ್ಟಿ ಇಟ್ಟುಕೊಂಡು ನೀರಿನ ಮೇಲಿನ ಜಿಡ್ಡಿನ ಪರೆಯನ್ನು ಅಳೆದ ಹೆಂಗಸು. ಆಕೆ ಬರೆದ ಪತ್ರವನ್ನು ವಿಜ್ಞಾನಿ ಲಾರ್ಡ್ ರ‍್ಯಾಲೆ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅಂಥದೇ ತೊಟ್ಟಿಯನ್ನು ಸುಧಾರಿಸಿ ಕೆಲಸ ಮಾಡಿದ ಲ್ಯಾಂಗ್ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂತು. ಆಕೆಗೆ ಬರಲಿಲ್ಲ. ಪಾತ್ರೆ ತೊಳೆಯುವಾಗ ನಾವೂ ದಿನಾ ಅದೇ ಜಿಡ್ಡನ್ನು ನೋಡುತ್ತೇವೆ, ಚೆಲ್ಲುತ್ತೇವೆ.

ಮಾರನೆಯ ದಿನ ಆ ತೊಟ್ಟು ಬಿಟ್ಟ ಹುಡುಗಿ ಮನೆಯಿಂದ ಹರಳೆಣ್ಣೆ ಸೀಸೆ ತಂದಿದ್ದಳು. "ಇದರದ್ದು ಎಷ್ಟಿರುತ್ತೆ ಮೇಡಂ?" ಎಂದಳು. ಹರಿವಾಣ ತೊಳೆದುಕೊಂಡು ಬಾ ಎಂದೆ.