ದಿನಕ್ಕೆ ಒಂದೂವರೆ ಕಟ್

ದಿನಕ್ಕೆ 1.47. ಇದು 'ಅಪೋಕಲಿಪ್ಸ್ ನೌ' ಸಿನಿಮಾದ ಎಡಿಟರ್‌ಗಳಲ್ಲಿ ಒಬ್ಬರಾಗಿದ್ದ ವಾಲ್ಟರ್ ಮರ್ಚ್ ಹಾಕಿದ ಲೆಕ್ಕ. 1979ರಲ್ಲಿ ಬಂದ ಆ ಸಿನಿಮಾಕ್ಕೆ ಶೂಟ್ ಮಾಡಿದ್ದು ಹನ್ನೆರಡೂವರೆ ಲಕ್ಷ ಅಡಿ ಫಿಲ್ಮ್, ಅಂದರೆ 230 ಗಂಟೆಗೂ ಹೆಚ್ಚು. ಥಿಯೇಟರಿಗೆ ಬಂದಿದ್ದು ಸುಮಾರು ಎರಡೂವರೆ ಗಂಟೆ. ಕೊನೆಗೆ ಉಳಿದ ಕಟ್‌ಗಳನ್ನು ಎಲ್ಲ ಎಡಿಟರ್‌ಗಳು ಕೆಲಸ ಮಾಡಿದ ದಿನಗಳಿಂದ ಭಾಗಿಸಿದರೆ ತಲೆಗೆ ದಿನಕ್ಕೆ ಒಂದೂವರೆ ಕಟ್ಟೂ ಬೀಳಲ್ಲ. ನಮ್ಮ ಆಫೀಸಲ್ಲಿ ಯಾರಾದರೂ ಹೀಗೆ ಪ್ರತಿದಿನ ಒಂದೂವರೆ ಸಾಲು ಕೋಡ್ ಬರೆದು ಕೂತರೆ ಮುಂದಿನ ಅಪ್ರೈಸಲ್‌ವರೆಗೂ ಇರಲ್ಲ. ಆದರೂ ಕೋಡ್ ಬರೆಯೋರಿಗೆ ಈ ಲೆಕ್ಕ ಅರ್ಥ ಆಗುತ್ತೆ. ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ ಇರೋ ದಿನಗಳು ನಮಗೂ ಇವೆ.

ಈ ಲೆಕ್ಕವೆಲ್ಲ ನನಗೆ ಬೇಕಾಗಿದ್ದು ಚಿಕ್ಕಪ್ಪನ ಮಗನಿಂದ. ನಮ್ಮೂರು ಬಡವನಹಳ್ಳಿ, ಮಧುಗಿರಿ ತಾಲ್ಲೂಕು. ಮಳೆ ಬಂದರೆ ಕಡ್ಲೆಕಾಯಿ, ಬರದಿದ್ದರೆ ಬೆಂಗಳೂರು ಅಂತ ನಮ್ಮ ಕಡೆ ತಮಾಷೆಗೆ ಹೇಳ್ತಾರೆ, ಅರ್ಧ ತಮಾಷೆ ಅಷ್ಟೇ. ಅವನಿಗೆ 23. ಡಿಗ್ರಿ ಮುಗಿಸಿ ಮದುವೆ ವಿಡಿಯೊ ಎಡಿಟ್ ಮಾಡಿದ. ಸಿರಾ, ಕೊರಟಗೆರೆ, ಪಾವಗಡ, ಎಲ್ಲಿ ಮದುವೆ ಆದರೂ ಮೆಮೊರಿ ಕಾರ್ಡ್ ಇವನ ಮನೆಗೆ ಬರೋದು. ಧಾರೆ, ಆರತಕ್ಷತೆ, ಡ್ರೋನ್ ಶಾಟ್, ಮೇಲೊಂದು ಸಿನಿಮಾ ಹಾಡು. ಕೈತುಂಬ ಅಲ್ಲದಿದ್ದರೂ ಕೈಗೆ ಹತ್ತೋ ದುಡ್ಡು. ಹೋದ ವರ್ಷ ಒಂದು ದಿನ ಫೋನ್ ಮಾಡಿ, "ಅಣ್ಣ, ಒಂದು ಸಿನಿಮಾಕ್ಕೆ ಅಸಿಸ್ಟೆಂಟ್ ಎಡಿಟರ್ ಕೆಲಸ ಸಿಕ್ತೈತೆ, ಬೆಂಗಳೂರಿಗೆ ಬರ್ಲಾ?" ಅಂದ.

ನಾನು ಎಂಜಿನಿಯರ್ ಥರಾನೇ ಉತ್ತರ ಕೊಟ್ಟೆ. ಫುಟೇಜ್ ಹಾರ್ಡ್ ಡಿಸ್ಕಲ್ಲಿ ಬರುತ್ತೆ. ಅದಕ್ಕೆ ಸಣ್ಣ ಗಾತ್ರದ ನಕಲು, ಅಂದರೆ ಪ್ರಾಕ್ಸಿ ಮಾಡ್ಕೊಂಡರೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಪ್ರಾಜೆಕ್ಟ್ ಫೈಲ್ ಕೆಲವೇ ಎಂಬಿ, ಮೊಬೈಲ್ ಡೇಟಾದಲ್ಲೇ ಹೋಗುತ್ತೆ. ನಾನು ಬೆಂಗಳೂರಲ್ಲಿ ಕೂತು ಬೇರೆ ದೇಶದ ಸರ್ವರ್ ನೋಡ್ಕೋತೀನಿ, ನೀನು ಬಡವನಹಳ್ಳೀಲಿ ಕೂತು ಗಾಂಧಿನಗರದ ಸಿನಿಮಾ ಎಡಿಟ್ ಮಾಡಬಾರದಾ? ಅವನು ಒಂದೇ ಪ್ರಶ್ನೆ ಕೇಳಿದ: "ಹಂಗಾದ್ರೆ ಇದುವರ್ಗೂ ಯಾರೂ ಯಾಕ್ ಮಾಡಿಲ್ಲ?"

ಒಳ್ಳೇ ಪ್ರಶ್ನೆ. ಕನ್ನಡ ಸಿನಿಮಾ ಶುರುವಾಗಿದ್ದೇ ಊರು ಬಿಟ್ಟು. 1934ರ 'ಸತಿ ಸುಲೋಚನ', ತೆರೆ ಕಂಡ ಮೊದಲ ಕನ್ನಡ ಟಾಕಿ, ಚಿತ್ರೀಕರಣ ಆಗಿದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಟ್ಟಲೆ ಮದರಾಸು. ಸ್ಟುಡಿಯೊ, ಲ್ಯಾಬ್, ರೆಕಾರ್ಡಿಂಗ್ ಥಿಯೇಟರ್ ಎಲ್ಲ ಅಲ್ಲೇ. ನಟರೂ ಅಲ್ಲೇ ಮನೆ ಮಾಡಿದ್ರು. 1975ರಲ್ಲಿ ಪುನೀತ್ ರಾಜ್‌ಕುಮಾರ್ ಹುಟ್ಟಿದ್ದು ಕೂಡ ಮದರಾಸಿನಲ್ಲೇ. ನಟ ಹೋಗಿ ಬಂದು ಮಾಡಿದರೂ ನಡೀತಿತ್ತೇನೋ, ಎಡಿಟರ್‌ಗೆ ಆ ದಾರಿಯೂ ಇರಲಿಲ್ಲ. 35 ಎಂಎಂ ಫಿಲ್ಮಲ್ಲಿ ಒಂದು ಅಡಿಗೆ 16 ಫ್ರೇಮು, ಒಂದು ಸೆಕೆಂಡಿಗೆ 24, ಹಾಗಾಗಿ ಒಂದು ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಡಬ್ಬ ಹನ್ನೊಂದು ನಿಮಿಷಕ್ಕೆ ಖಾಲಿ. ಲ್ಯಾಬಿಂದ ಪಾಸಿಟಿವ್ ಪ್ರಿಂಟ್ ಬರಬೇಕು, ಮೂವಿಯೋಲಾ ಮೇಲೆ ಓಡಿಸಬೇಕು, ಮೇಣದ ಪೆನ್ಸಿಲಲ್ಲಿ ಗುರುತು ಹಾಕಬೇಕು, ಕತ್ತರಿಸಬೇಕು, ಅಂಟಿಸಬೇಕು. ಬೇಡ ಅಂತ ಎಸೆದ ಎರಡು ಫ್ರೇಮ್ ಮತ್ತೆ ಬೇಕಾದರೆ ಬುಟ್ಟಿಯಲ್ಲಿ ಹುಡುಕಬೇಕು. ಕಂಟ್ರೋಲ್ ಝಡ್ ಇಲ್ಲ. ಲ್ಯಾಬ್ ಇರೋ ಊರಲ್ಲೇ ಎಡಿಟರ್ ಇರಬೇಕಾಗಿತ್ತು, ಬಟ್ಟೆ ಗಿರಣಿ ಇರೋ ಊರಲ್ಲಿ ನೇಕಾರರು ಇದ್ದ ಹಾಗೆ.

ತಮಿಳು ಸಿನಿಮಾಗಳಲ್ಲೇ ಹೆಸರು ಮಾಡಿದ ಸಂಕಲನಕಾರ ಸುರೇಶ್ ಅರಸ್ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೂ ಅವರ ಕೆಲಸ ನೋಡಿರ್ತೀರ. ಮಣಿರತ್ನಂ ಅವರ 'ದಳಪತಿ', 'ರೋಜಾ', 'ಬಾಂಬೆ', 'ಇರುವರ್', 'ದಿಲ್ ಸೇ' ಎಲ್ಲಕ್ಕೂ ಸಂಕಲನ ಅವರದ್ದು. 1995ರ 'ಬಾಂಬೆ'ಗೆ ರಾಷ್ಟ್ರಪ್ರಶಸ್ತಿ ಬಂತು. 'ರೋಜಾ' ಹಾಡು ಯಾರ ಸಂಗೀತ ಅಂತ ಕೇಳಿದರೆ ನಮ್ಮೂರಿನ ಬಸ್ ಕಂಡಕ್ಟರೂ ಹೇಳ್ತಾನೆ, ಎಡಿಟರ್ ಯಾರು ಅಂದರೆ ಯಾರಿಗೂ ಗೊತ್ತಿಲ್ಲ. (ನಮ್ಮ ತಾಲ್ಲೂಕಿನ ಕುರುಬರಹಳ್ಳಿಯ ದೊಡ್ಡರಂಗೇಗೌಡರು ಸಿನಿಮಾಕ್ಕೆ ಹಾಡು ಬರೆದರು, ಅವರ ಹೆಸರು ಊರೂರಿಗೆ ಗೊತ್ತು. ನಮ್ಮ ಹುಡುಗ ಹಾಡು ಬರೀತೀನಿ ಅಂದಿದ್ದರೆ ಮನೆಯಲ್ಲಿ ಒಪ್ಪಿಸೋದು ಸುಲಭ ಆಗ್ತಿತ್ತು. "ಎಡಿಟರ್ ಅಂದ್ರೆ ಪೇಪರ್ನಾಗಾ?" ಅಂತ ಚಿಕ್ಕಮ್ಮ ಕೇಳಿದ್ದು ಇನ್ನೂ ನೆನಪಿದೆ.)

ಸರಿ, ಅದು ಫಿಲ್ಮ್ ಕಾಲ. ಈಗ ಲ್ಯಾಬ್ ಅನ್ನೋದು ಬ್ಯಾಗಲ್ಲಿ ಹಿಡಿಯುತ್ತೆ. ಅದಕ್ಕೆ ಉದಾಹರಣೆ ಉಜ್ವಲ್ ಕುಲಕರ್ಣಿ. ಕಲಬುರಗಿಯ ಹುಡುಗ, ಕಿರುಚಿತ್ರ, ಅಭಿಮಾನಿ ಎಡಿಟ್ ಅಂತ ಮಾಡ್ತಾ ಇದ್ದವರು ಪ್ರಶಾಂತ್ ನೀಲ್ ಕಣ್ಣಿಗೆ ಬಿದ್ದು, ಇಪ್ಪತ್ತರ ಆಸುಪಾಸಿನಲ್ಲೇ 'ಕೆಜಿಎಫ್ ಚಾಪ್ಟರ್ 2'ಗೆ ಸಂಕಲನಕಾರರಾದರು. 2022ರ ಏಪ್ರಿಲ್ 14ಕ್ಕೆ ಐದು ಭಾಷೆಯಲ್ಲಿ ಬಂದ, 168 ನಿಮಿಷದ ಸಿನಿಮಾ. ಹಳೇ ಲೆಕ್ಕದಲ್ಲಿ ಹದಿನೈದು ಸಾವಿರ ಅಡಿ. ಮುಂದಿನ ವರ್ಷ 'ಸಲಾರ್' ಕೂಡ ಅವರದ್ದೇ. ನಮ್ಮ ತಮ್ಮನ ಫೋನಿನ ವಾಲ್‌ಪೇಪರ್ ಆಗ ಯಶ್ ಅಲ್ಲ, ಆ ಎಡಿಟರ್ ಹೆಸರು ಬರೋ ಟೈಟಲ್ ಕಾರ್ಡ್.

ಎಲ್ಲರೂ ಇದನ್ನು 'ಎಲ್ಲಿದ್ದರೂ ಸಾಧಿಸಬಹುದು' ಅನ್ನೋ ಕಥೆಯಾಗಿ ಹೇಳ್ತಾರೆ. ನನಗೆ ಅದರಲ್ಲಿ ಅರ್ಧ ಮಾತ್ರ ಕಾಣೋದು. ಕಲಬುರಗಿಯಲ್ಲಿ ಕೂತು ಮಾಡಿದ ಎಡಿಟ್ ಅವರನ್ನು ಬಾಗಿಲವರೆಗೆ ತಂದಿತು. ಆದರೆ ಅಷ್ಟು ದೊಡ್ಡ ಸಿನಿಮಾವನ್ನು ಯಾವ ನಿರ್ದೇಶಕನೂ ಮುಖ ನೋಡದೆ ಲಿಂಕ್ ಕಳಿಸಿ ಮಾಡಿಸಲ್ಲ.

ಯಾಕೆ ಅಂತ ನನಗೆ ತಿಳಿದಿದ್ದು ತಮ್ಮ ಬಂದ ಮೇಲೆ. ನಾಗರಬಾವಿ ಕಡೆ ಒಂದು ಮನೆಯ ಮೊದಲ ಮಹಡಿ. ಕಿಟಕಿಗೆ ಕಪ್ಪು ಬಟ್ಟೆ, ಎರಡು ಮಾನಿಟರ್, ಹಿಂದೆ ಒಂದು ಹಳೇ ಸೋಫಾ. ಒಂದು ಶನಿವಾರ ರಾತ್ರಿ ಊಟ ತಗೊಂಡು ಹೋದವನು ಅಲ್ಲೇ ಮೂರು ಗಂಟೆ ಕೂತೆ. ಎಡಿಟರ್ ಕಟ್ ಮಾಡಿದ್ದು ಕಮ್ಮಿ. ಹೆಚ್ಚು ಹೊತ್ತು ನಿರ್ದೇಶಕ ಸೋಫಾದಲ್ಲಿ ಒರಗಿ ತನ್ನ ಅಜ್ಜಿ ಬಗ್ಗೆ ಮಾತಾಡಿದ. ಎಡಿಟರ್ ಹೂಂಗುಟ್ಟುತ್ತಾ ಕೇಳಿ, ನಡುವೆ ಒಮ್ಮೆ ಹಿಂದೆ ತಿರುಗಿ ಅವನ ಮುಖ ನೋಡಿ, ಒಂದು ಶಾಟನ್ನು ತೆಗೆದು ಇನ್ನೊಂದು ಹಾಕಿದ. ನಿರ್ದೇಶಕ ಸುಮ್ಮನಾದ. ಅಷ್ಟೇ, ಆ ಸೀನ್ ಮುಗೀತು. ಈ ಕೆಲಸಕ್ಕೆ ನಾನು ಟಿಕೆಟ್ ಬರೆಯಬೇಕು ಅಂದರೆ ಏನಂತ ಬರೀಲಿ? ರಿಕ್ವೈರ್‌ಮೆಂಟ್ ಅನ್ನೋದೇ ಸೋಫಾದಲ್ಲಿ ಕೂತಿತ್ತು.

ಅಸಿಸ್ಟೆಂಟ್ ಕೆಲಸದಲ್ಲಿ ಮಾತ್ರ ಈ ಮಾಯೆ ಏನಿಲ್ಲ. ದಿನಾ ಬಂದ ಕಾರ್ಡ್‌ಗಳನ್ನು ಎರಡು ಡಿಸ್ಕಿಗೆ ಕಾಪಿ ಮಾಡೋದು, ಪ್ರಾಕ್ಸಿ ಮಾಡೋದು, ಕ್ಲಾಪ್ ಸದ್ದು ನೋಡಿ ಧ್ವನಿ ಜೋಡಿಸೋದು, ಸೀನ್ ನಂಬರು, ಶಾಟ್ ನಂಬರು, ಟೇಕ್ ನಂಬರು ಬರೆದು ಬಿನ್‌ಗೆ ಹಾಕೋದು. ಡಬ್ಬಿಂಗಿಗೆ ಒಂದು ಕಾಪಿ, ಸೌಂಡಿಗೆ ಒಂದು, ಗ್ರಾಫಿಕ್ಸಿಗೆ ಒಂದು. ಒಂದು ಟೇಕ್ ತಪ್ಪು ಬಿನ್‌ಗೆ ಹೋದರೆ ರಾತ್ರಿ ಎರಡಕ್ಕೆ ಬೈಗುಳ. ಮೊದಲ ಮೂರು ತಿಂಗಳು ಸಂಬಳ ಬರಲಿಲ್ಲ, ನಾಲ್ಕನೇ ತಿಂಗಳು ಅರ್ಧ ಬಂತು. ಯಾವ ಸಿನಿಮಾ ಅಂತ ಹೇಳಲ್ಲ, ಈ ಲೈನಲ್ಲಿ ಇದು ಹೊಸದೂ ಅಲ್ಲವಂತೆ. ಊರಲ್ಲಿ ಮದುವೆ ಸೀಸನ್‌ನಲ್ಲಿ ದುಡೀತಿದ್ದ ಹುಡುಗ ಇಲ್ಲಿ ನನ್ನ ರೂಮಲ್ಲಿ ಮಲಗಿ, ಬಸ್ ಪಾಸಿಗೆ ಲೆಕ್ಕ ಹಾಕ್ತಿದ್ದ. "ವಾಪಸ್ ಹೋಗ್ತೀಯಾ?" ಅಂತ ನಾನೂ ಎರಡು ಸಲ ಕೇಳಿದೆ. ಮೂರನೇ ಸಲ ಕೇಳಲಿಲ್ಲ, ಯಾಕಂದ್ರೆ ಅಷ್ಟರಲ್ಲಿ ಹದಿನಾಲ್ಕು ಫ್ರೇಮಿನ ಗಲಾಟೆ ಆಯ್ತು.

ಸಿನಿಮಾದಲ್ಲಿ ಒಂದು ಸೀನ್. ಮಗ ಸಾಲ ಕೇಳ್ತಾನೆ, ಹಳ್ಳಿಯ ಮುದುಕ ಅಪ್ಪ "ಆಯ್ತು ತಗ" ಅಂತಾನೆ. ಎಡಿಟರ್ ಬಿಗಿಯಾಗಿ ಕಟ್ ಮಾಡಿದ್ರು, ಪ್ರಶ್ನೆ ಮುಗಿದ ತಕ್ಷಣ ಉತ್ತರ. ಮೊಬೈಲಲ್ಲಿ ನೋಡೋ ಜನ, ಖಾಲಿ ಜಾಗ ಇದ್ದರೆ ಸ್ಕ್ರಾಲ್ ಮಾಡ್ತಾರೆ ಅನ್ನೋದು ಅವರ ಭಯ, ನಿಜವೂ ಹೌದು. ನಮ್ಮ ಹುಡುಗ ಹಿಂದಿನಿಂದ, "ಸಾರ್, ನಮ್ಮ ಕಡೆ ಅಪ್ಪಂದಿರು ಹಂಗೆ ತಕ್ಷಣ ಹೇಳಲ್ಲ" ಅಂದನಂತೆ. ದುಡ್ಡಿನ ಮಾತು ಬಂದರೆ ನಮ್ಮೂರಲ್ಲಿ ಮೊದಲು ಬೇರೆ ಕಡೆ ನೋಡ್ತಾರೆ. ಹೆಗಲ ಮೇಲಿನ ಟವೆಲ್ ಸರಿ ಮಾಡ್ಕೋತಾರೆ. ಆಮೇಲೆ ಮಾತು. ಆ ನಡುವಿನ ಹೊತ್ತು ತೆಗೆದರೆ ಮುದುಕ ಎಟಿಎಂ ಆಗ್ತಾನೆ. ಎಡಿಟರ್ ಏನೂ ಹೇಳದೆ ಕುರ್ಚಿ ಬಿಟ್ಟು ಎದ್ದು, "ನೀನೇ ಮಾಡು" ಅಂದರು. ಇವನು ಹದಿನಾಲ್ಕು ಫ್ರೇಮ್ ವಾಪಸ್ ಹಾಕಿದ. ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ. ಅದು ಉಳಿಯಿತು.

ಈ ಮಾತು ಫೋನಲ್ಲಿ ಹೇಳೋಕೆ ಆಗ್ತಿತ್ತಾ? ಕಾಮೆಂಟ್ ಬಾಕ್ಸಲ್ಲಿ ಬರೆಯಬಹುದಿತ್ತು, ಯಾರೂ ಓದ್ತಿರಲಿಲ್ಲ. ಮೊದಲು ಆರು ತಿಂಗಳು ಟೀ ತಂದುಕೊಟ್ಟು, ಡಿಸ್ಕ್ ಕಾಪಿ ಮಾಡಿ, ಒಂದೂ ಫೈಲ್ ಕಳೆಯದೆ ಇದ್ದಿದ್ದಕ್ಕೆ ಆ ಮಾತಿಗೆ ತೂಕ ಬಂತು ಅಂತ ನನ್ನ ಅಂದಾಜು. ಇನ್ನೊಂದು ವಿಷಯ. ಬೆಂಗಳೂರಿಗೆ ಬಂದು ಎರಡೇ ವರ್ಷಕ್ಕೆ ನನ್ನ ಮಾತೇ ಓಡೋಕೆ ಶುರುವಾಗಿತ್ತು, ಮೀಟಿಂಗಲ್ಲಿ ಎದುರಿನವರು ಮುಗಿಸೋ ಮೊದಲೇ ಉತ್ತರ. ಅವನಿಗೂ ಹಾಗೆ ಆದರೆ ಆ ಹದಿನಾಲ್ಕು ಫ್ರೇಮ್ ಯಾರಿಗೆ ಕಾಣುತ್ತೆ? ಬೆಂಗಳೂರಿಗೆ ಬರೋದಕ್ಕಿಂತ ಇದೇ ನನಗೆ ದೊಡ್ಡ ಚಿಂತೆ.

ಕಾರ್ತೀಕದ ಹೊತ್ತಿಗೆ ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆಯ್ತು. ಕಡ್ಲೆಕಾಯಿ ಕೀಳೋ ಸಮಯ, ಭಾರ ಎತ್ತೋ ಹಾಗಿಲ್ಲ, ಮನೆಯಲ್ಲಿ ಬೇರೆ ಗಂಡಾಳಿಲ್ಲ. ಸಿನಿಮಾ ಕೆಲಸ ಅರ್ಧದಲ್ಲಿತ್ತು. ಬಿಟ್ಟು ಹೋದರೆ ಮತ್ತೆ ಕರೀತಾರೋ ಇಲ್ವೋ ಅಂತ ಎರಡು ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ.

ಆಗ ನಾನು ಅವನಿಗೆ ಮತ್ತೆ ವಾಲ್ಟರ್ ಮರ್ಚ್ ಕಥೆ ಹೇಳಿದೆ. 1969ರಲ್ಲಿ ಕೊಪ್ಪೋಲ, ಜಾರ್ಜ್ ಲೂಕಾಸ್ ಜೊತೆ ಲಾಸ್ ಏಂಜಲೀಸ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದವರು ಅವರು. ಮುಂದೆ 'ದಿ ಇಂಗ್ಲಿಷ್ ಪೇಷಂಟ್' ಸಿನಿಮಾವನ್ನು ಇಟಲಿಯಲ್ಲಿ ಫಿಲ್ಮ್ ಮೇಲೇ ಎಡಿಟ್ ಮಾಡ್ತಿದ್ದಾಗ ಮಗನಿಗೆ ತುರ್ತಾಗಿ ಆರೋಗ್ಯ ಕೆಟ್ಟಿತು. ಅವರು ಕ್ಯಾಲಿಫೋರ್ನಿಯಾಗೆ ವಾಪಸ್ ಬಂದು, ಆವಿಡ್ ಕಂಪ್ಯೂಟರ್ ಮನೆಗೇ ತರಿಸಿಕೊಂಡು ಕೆಲಸ ಮುಂದುವರಿಸಿದರು. ಡಿಜಿಟಲ್ಲಾಗಿ ಎಡಿಟ್ ಆದ ಸಿನಿಮಾಕ್ಕೆ ಸಂಕಲನದ ಆಸ್ಕರ್ ಬಂದದ್ದು ಅದೇ ಮೊದಲು, 1997ರಲ್ಲಿ. ನಿರ್ದೇಶಕರು ಯಾಕೆ ಒಪ್ಪಿದ್ರು? ಅಷ್ಟರಲ್ಲಿ ಮರ್ಚ್ ಮೂವತ್ತು ವರ್ಷಕ್ಕೆ ಹತ್ತಿರ ಈ ಕೆಲಸದಲ್ಲಿದ್ದರು. "ನಂಗೆ ಏಳು ತಿಂಗ್ಳು ಆಗೈತೆ ಅಣ್ಣ" ಅಂದ ಇವನು.

ಕೇಳಿ ನೋಡಿದ. ಎಡಿಟರ್ ಒಂದು ನಿಮಿಷ ಯೋಚಿಸಿ, ಪ್ರಾಕ್ಸಿ ಇದ್ದ ಡಿಸ್ಕ್ ಕೈಗಿಟ್ಟರು. ಮೂರು ವಾರ ಅವನು ಬಡವನಹಳ್ಳಿಯಲ್ಲಿದ್ದ. ಬೆಳಿಗ್ಗೆ ಹೊಲ, ಮಧ್ಯಾಹ್ನದ ಮೇಲೆ ಸಿಂಕ್ ಕೆಲಸ. ಕರೆಂಟ್ ಹೋದರೆ ಪಕ್ಕದ ಅಂಗಡಿಯ ಯುಪಿಎಸ್. ರಾತ್ರಿ ಪ್ರಾಜೆಕ್ಟ್ ಫೈಲ್ ಮೊಬೈಲಿಂದ ಕಳಿಸ್ತಿದ್ದ, ಇಲ್ಲಿ ಎಡಿಟರ್ ಅದೇ ಡಿಸ್ಕಿನ ಇನ್ನೊಂದು ಕಾಪಿಗೆ ಜೋಡಿಸಿ ನೋಡ್ತಿದ್ದರು. ಒಂದು ದಿನವೂ ನಿಲ್ಲಲಿಲ್ಲ. ನಾನು ಮೊದಲ ದಿನ ಫೋನಲ್ಲಿ ಹೇಳಿದ ವ್ಯವಸ್ಥೆ ಇದೇ, ಒಂದು ಫೈಲೂ ವ್ಯತ್ಯಾಸ ಇಲ್ಲ. ನಡುವೆ ಆ ಕಪ್ಪು ಬಟ್ಟೆಯ ರೂಮಲ್ಲಿ ಏಳು ತಿಂಗಳು ಕಳೆದಿತ್ತು.

ಈಗ ವಾಪಸ್ ಬಂದಿದ್ದಾನೆ. ಬಾಕಿ ಸಂಬಳದಲ್ಲಿ ಇನ್ನೂ ಒಂದು ಕಂತು ಬರಬೇಕು. ಟೈಟಲ್ ಕಾರ್ಡಲ್ಲಿ 'ಸಹಾಯಕ ಸಂಕಲನ' ಅಂತ ಎರಡು ಸೆಕೆಂಡ್, 48 ಫ್ರೇಮ್, ಅವನ ಹೆಸರು ಬರುತ್ತಂತೆ. ಹೆಸರಿನ ಹಿಂದೆ ಬಡವನಹಳ್ಳಿ ಅಂತ ಪೂರ್ತಿ ಹಾಕಿಸಬೇಕು ಅಂತ ಅವನ ಆಸೆ. ಅಷ್ಟುದ್ದ ಹಾಕಿದರೆ ಪಕ್ಕದ ಹೆಸರುಗಳ ಸಾಲು ಕೆಡುತ್ತೆ, 'ಬಿ' ಅಂತ ಇನಿಷಿಯಲ್ ಸಾಕು ಅಂತ ಡಿಸೈನ್ ಮಾಡೋರು. ಟೈಟಲ್ ಲಾಕ್ ಆಗೋದು ಮುಂದಿನ ವಾರ.